ಬೋರ್ಡಿನ ಮೇಲೆ ಸೇತುವೆಯ ಹೆಸರಿಲ್ಲ: ಕ್ಲಸ್ಟರ್‌ನಲ್ಲಿ ಕ್ಯೂ ಅಲಿಯಾಸ್

ಕಾರವಾರದಲ್ಲಿ ಸಾಫ್ಟ್‌ವೇರ್ ಕೆಲಸದ ಗೆಳೆಯರು ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ.

ಕಾಳಿ ಸೇತುವೆ ಬಿದ್ದ ರಾತ್ರಿ ಇಲ್ಲಿ ಕೂತವರಿಗೆಲ್ಲ ನೆನಪಿದೆ. 2024ರ ಆಗಸ್ಟ್ 7. ನಡುರಾತ್ರಿ ದಾಟಿತ್ತು. ಹಳೇ ಸೇತುವೆ ನದಿಗೆ ಕುಸಿಯಿತು. ಅದರ ಜೊತೆ ಒಂದು ಲಾರಿಯೂ ಬಿತ್ತು, ಪುಣ್ಯಕ್ಕೆ ಚಾಲಕ ಬದುಕಿ ಬಂದ. ಗೋವಾ ಕಡೆಯಿಂದ ಬರುವ ಗಾಡಿಗಳು ಅಲ್ಲಿಯವರೆಗೆ ಆ ಸೇತುವೆಯ ಮೇಲೇ ಬರುತ್ತಿದ್ದವು. ಆಮೇಲೆ ಎರಡೂ ಕಡೆಯ ಗಾಡಿಗಳು ಹೊಸ ಸೇತುವೆಯ ಮೇಲೆ ಓಡಿದವು.

ಇದರಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಹೆದ್ದಾರಿಯ ಬೋರ್ಡಿನ ಮೇಲೆ ‘ಕಾರವಾರ’ ಅಂತ ಬರೆದಿರುತ್ತದೆ. ‘ಹಳೇ ಸೇತುವೆ’ ಅಂತ ಬರೆದಿರುವುದಿಲ್ಲ. ಅದಕ್ಕೇ ಸೇತುವೆ ಬಿದ್ದ ಮೇಲೂ ಬೋರ್ಡು ಸುಳ್ಳಾಗಲಿಲ್ಲ. ಗಾಡಿ ಓಡಿಸುವವನಿಗೆ ಬೇಕಾದದ್ದು ಊರು. ಯಾವ ಸೇತುವೆ ಹಾದು ಹೋಗಬೇಕು ಅನ್ನುವುದು ರಸ್ತೆ ನೋಡಿಕೊಳ್ಳುವವರ ಕೆಲಸ.

ಇವತ್ತಿನ ಮಾತೆಲ್ಲ ಇದರ ಸುತ್ತಲೇ ಇದೆ. ಮೆಸೇಜ್ ಕಳಿಸುವ ಆ್ಯಪ್‌ಗೆ ಸೇತುವೆಯ ಹೆಸರು ಕೊಡಬೇಡಿ, ಊರಿನ ಹೆಸರು ಕೊಡಿ. ಕ್ಯೂ ಅಲಿಯಾಸ್ ಅಂದರೆ ಆ ಬೋರ್ಡು. ಆದರೆ ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪಿಗೆ, ಅಂದರೆ ಕ್ಲಸ್ಟರ್‌ಗೆ ಬಂದಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಬೋರ್ಡು ಎಲ್ಲಿ ನೆಟ್ಟಿದ್ದೀರಿ? ಹೊರಡುವ ಕಡೆಗೋ, ತಲುಪುವ ಕಡೆಗೋ? ನಾನು 15 ವರ್ಷ ಈ ಕೆಲಸ ಮಾಡಿದ್ದೇನೆ. ಅಲಿಯಾಸ್ ವಿಷಯದಲ್ಲಿ ನಾನು ಕಂಡ ತೊಂದರೆಗಳಲ್ಲಿ ಜಾಸ್ತಿ ಪಾಲು ಈ ಪ್ರಶ್ನೆಯನ್ನು ಯಾರೂ ಕೇಳದೇ ಇದ್ದದ್ದರಿಂದ ಬಂದವು.

ಮೆಸೇಜ್ ಕ್ಯೂ ಬಗ್ಗೆ ಎರಡೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ನೇರವಾಗಿ ಫೋನ್ ಮಾಡುವ ಬದಲು ಪತ್ರ ಬರೆದು ಡಬ್ಬಿಗೆ ಹಾಕುತ್ತದೆ. ಆ ಕಡೆಯದು ಎದ್ದಿರಲಿ, ಮಲಗಿರಲಿ, ಪತ್ರ ಉಳಿದಿರುತ್ತದೆ. ಡಬ್ಬಿಗೆ ಕ್ಯೂ ಅನ್ನುತ್ತೇವೆ. ಡಬ್ಬಿಗಳನ್ನು ನೋಡಿಕೊಳ್ಳುವ ಅಂಚೆ ಕಚೇರಿಗೆ ಕ್ಯೂ ಮ್ಯಾನೇಜರ್ ಅನ್ನುತ್ತೇವೆ. ನಾನು ಇವತ್ತು ಐಬಿಎಂ ಎಂಕ್ಯೂ ಅನ್ನುವ ಮೆಸೇಜ್ ಕ್ಯೂ ಸಾಫ್ಟ್‌ವೇರ್ ಹಿಡಿದು ಮಾತಾಡುತ್ತೇನೆ, ಯಾಕೆಂದರೆ ನನ್ನ ಕೈ ಪಳಗಿದ್ದು ಅದರಲ್ಲಿ. 1993ರಲ್ಲಿ ಎಂಕ್ಯೂಸೀರೀಸ್ ಅಂತ ಶುರುವಾಯಿತು. ಆಮೇಲೆ ವೆಬ್‌ಸ್ಫಿಯರ್ ಎಂಕ್ಯೂ ಆಯಿತು. 2014ರಿಂದ ಐಬಿಎಂ ಎಂಕ್ಯೂ. ರ‍್ಯಾಬಿಟ್‌ಎಂಕ್ಯೂ ಅನ್ನುವ ಅದೇ ಜಾತಿಯ ಇನ್ನೊಂದು ಸಾಫ್ಟ್‌ವೇರ್ ಬಳಸುವವರು ಇಲ್ಲಿ ಇರಬಹುದು. ನಿಮ್ಮಲ್ಲಿ ಕಳಿಸುವವನು ಕ್ಯೂಗೆ ಹಾಕದೆ ಎಕ್ಸ್‌ಚೇಂಜ್ ಅನ್ನುವ ಹಂಚುವ ಜಾಗಕ್ಕೆ ಹಾಕುತ್ತಾನೆ, ಯಾವ ಕ್ಯೂ ಅನ್ನುವುದನ್ನು ಬೈಂಡಿಂಗ್ ಅನ್ನುವ ನಿಯಮ ಹೇಳುತ್ತದೆ. ಹೆಸರನ್ನೂ ಜಾಗವನ್ನೂ ಬೇರೆ ಮಾಡುವ ಕೆಲಸ ಅಲ್ಲಿಯೂ ಇದೆ, ರೀತಿ ಬೇರೆ.

ಅಲಿಯಾಸ್ ಅಂದರೆ ಬರೀ ಹೆಸರು. ಡಿಫೈನ್ ಕ್ಯೂಅಲಿಯಾಸ್ ಅಂತ ಕಮಾಂಡ್ ಕೊಟ್ಟು, ಟಾರ್ಗೆಟ್ ಜಾಗದಲ್ಲಿ ನಿಜವಾದ ಕ್ಯೂನ ಹೆಸರು ಬರೆಯುತ್ತೀರಿ. ಹೆಸರು 48 ಅಕ್ಷರದ ಒಳಗೆ ಇರಬೇಕು. ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ ಅಂತ ಲೆಕ್ಕ. ಅಲಿಯಾಸ್ ಒಳಗೆ ಒಂದೂ ಮೆಸೇಜ್ ಇರುವುದಿಲ್ಲ.

ಈ ಕೊನೇ ಮಾತನ್ನು ಒತ್ತಿ ಹೇಳುತ್ತೇನೆ. ಶಿರಸಿ, ಸಿದ್ದಾಪುರ ಕಡೆಯ ಹಳ್ಳಿಗಳಲ್ಲಿ ಬಸ್ಸಿನ ಕಂಡಕ್ಟರ್ ಕೈಲಿ ಪಾರ್ಸೆಲ್ ಕೊಟ್ಟು ಕಳಿಸುವುದು ನಿಮಗೆ ಗೊತ್ತು. ‘ಕ್ರಾಸಿನ ಅಂಗಡಿಯಲ್ಲಿ ಕೊಟ್ಬಿಡಿ ಮಾರಾಯ್ರೆ’ ಅಂದರೆ ಸಾಕು. ಒಳಗಿನ ಮನೆಯವರು ಸಂಜೆ ಬಂದು ಒಯ್ಯುತ್ತಾರೆ. ಅಲಿಯಾಸ್ ಕೂಡ ಈ ಅಂಗಡಿ ಇದ್ದ ಹಾಗೆ ಅಂತ ಹೊಸಬರು ತಿಳಿಯುತ್ತಾರೆ. ಹಾಗಲ್ಲ. ಅಂಗಡಿಯವರು ಪಾರ್ಸೆಲ್ ಇಟ್ಟುಕೊಳ್ಳುತ್ತಾರೆ, ಅಲಿಯಾಸ್ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಅದು ಬೋರ್ಡು ಅಷ್ಟೇ. ಬೋರ್ಡು ತೋರಿಸುವ ಕಡೆ ಊರೇ ಇಲ್ಲದಿದ್ದರೆ ಮೆಸೇಜ್ ಬೋರ್ಡಿನ ಬುಡದಲ್ಲಿ ಕಾಯುವುದಿಲ್ಲ. ಆ್ಯಪ್‌ಗೆ 2082 ಅಂತ ಎರರ್ ಬರುತ್ತದೆ. 2085 ಬಂದರೆ ಹೆಸರೇ ಇಲ್ಲ ಅಂತ ಅರ್ಥ. 2082 ಬಂದರೆ ಹೆಸರಿದೆ, ಆ ಹೆಸರಿನ ಹಿಂದೆ ಇರುವ ನಿಜವಾದ ಕ್ಯೂ ಸಿಗುತ್ತಿಲ್ಲ ಅಂತ ಅರ್ಥ. ಈ ಎರಡನ್ನು ಬೇರೆ ಮಾಡಿ ಓದಿದರೆ ರಾತ್ರಿ ಹೊತ್ತು ಅರ್ಧ ಗಂಟೆ ಉಳಿಯುತ್ತದೆ. ಇನ್ನೊಂದು, ಅದೇ ಮ್ಯಾನೇಜರ್‌ನಲ್ಲಿ ಒಂದು ಅಲಿಯಾಸ್ ಮತ್ತೊಂದು ಅಲಿಯಾಸನ್ನು ತೋರಿಸುವ ಹಾಗಿಲ್ಲ. ಮಾಡಿದರೆ 2001.

ಈಗ ಕ್ಲಸ್ಟರ್. ಉದಾಹರಣೆಗೆ ಒಂದು ಕಲ್ಪನೆ ಮಾಡಿಕೊಳ್ಳೋಣ. ಅಡಿಕೆ ಬೆಳೆಗಾರರಿಗೆ ಹಣ ಹಾಕುವ ಒಂದು ವ್ಯವಸ್ಥೆ. ಶಿರಸಿ, ಯಲ್ಲಾಪುರ, ಕುಮಟಾ ಮೂರು ಕಡೆ ಒಂದೊಂದು ಕ್ಯೂ ಮ್ಯಾನೇಜರ್. ಮೂರರಲ್ಲೂ ‘ಪಾವತಿ’ ಅನ್ನುವ ಕ್ಯೂ ಇದೆ. ಕಾರವಾರದಲ್ಲಿ ನಾಲ್ಕನೇ ಮ್ಯಾನೇಜರ್, ಅಲ್ಲಿ ಕ್ಯೂ ಇಲ್ಲ, ಕಳಿಸುವ ಆ್ಯಪ್ ಮಾತ್ರ ಇದೆ. ಅಡಿಕೆಯ ಬಗೆಗಳಲ್ಲಿ ರಾಶಿ ಇಷ್ಟು, ಚಾಲಿ ಇಷ್ಟು, ಬೆಟ್ಟೆ ಇಷ್ಟು, ಇಂಥವರಿಗೆ ಇಷ್ಟು ರೂಪಾಯಿ ಅಂತ ಮೆಸೇಜ್ ಹೋಗುತ್ತದೆ. ಮೂರರಲ್ಲಿ ಯಾರು ಕೆಲಸ ಮಾಡಿದರೂ ಸರಿ. ನಾಲ್ಕೂ ಮ್ಯಾನೇಜರ್‌ಗಳು ಒಂದು ಕ್ಲಸ್ಟರ್‌ಗೆ ಸೇರಿವೆ. ಯಾವ ಕ್ಯೂ ಎಲ್ಲಿದೆ ಅನ್ನುವ ಪೂರ್ತಿ ಲೆಕ್ಕವನ್ನು ಎರಡು ಮ್ಯಾನೇಜರ್‌ಗಳು ಇಟ್ಟುಕೊಳ್ಳುತ್ತವೆ, ಅವಕ್ಕೆ ಫುಲ್ ರೆಪೊಸಿಟರಿ ಅನ್ನುತ್ತೇವೆ. ಉಳಿದವು ಬೇಕಾದಾಗ ಅವನ್ನು ಕೇಳಿಕೊಳ್ಳುತ್ತವೆ.

ಒಂದು ನಿಯಮ ಮೊದಲೇ ಹೇಳಿಬಿಡುತ್ತೇನೆ. ಕ್ಲಸ್ಟರ್‌ನಲ್ಲಿ ಯಾವ ಮೂಲೆಯಿಂದ ಬೇಕಾದರೂ ಕ್ಯೂಗೆ ಮೆಸೇಜ್ ಹಾಕಬಹುದು. ತೆಗೆಯುವುದು ಮಾತ್ರ ಕ್ಯೂ ಇರುವ ಮ್ಯಾನೇಜರ್‌ನಲ್ಲೇ. ಕಾರವಾರದಲ್ಲಿ ಕೂತು ಶಿರಸಿಯ ಕ್ಯೂ ಓದುತ್ತೇನೆ ಅಂದರೆ ಆಗುವುದಿಲ್ಲ. ಅಲಿಯಾಸ್ ಮಾಡಿದರೆ ಆಗುತ್ತದೆ ಅಂತ ಕೆಲವರು ಪ್ರಯತ್ನ ಮಾಡುತ್ತಾರೆ. ಬೋರ್ಡು ನೆಟ್ಟ ಮಾತ್ರಕ್ಕೆ ಊರು ಹತ್ತಿರ ಬರುವುದಿಲ್ಲ ಅಲ್ವಾ?

ಹಾಗಾದರೆ ಅಲಿಯಾಸನ್ನು ಎಲ್ಲಿ ಇಡಬೇಕು? ಎರಡು ಜಾಗ ಇದೆ.

ಮೊದಲನೇದು, ಕಳಿಸುವ ಕಡೆ. ಕಾರವಾರದ ಮ್ಯಾನೇಜರ್‌ನಲ್ಲೇ ‘ರೈತರ ಹಣ’ ಅಂತ ಒಂದು ಅಲಿಯಾಸ್ ಮಾಡುತ್ತೀರಿ. ಟಾರ್ಗೆಟ್ ‘ಪಾವತಿ’. ಈ ಅಲಿಯಾಸ್ ಕ್ಲಸ್ಟರ್‌ಗೆ ಗೊತ್ತೇ ಇಲ್ಲ. ಅದು ಕಾರವಾರದ ಮನೆಮಾತು. ಆ್ಯಪ್ ‘ರೈತರ ಹಣ’ ಅಂತ ಓಪನ್ ಮಾಡುತ್ತದೆ. ಕಾರವಾರದ ಮ್ಯಾನೇಜರ್ ಹೆಸರನ್ನು ಅಲ್ಲೇ ಬಿಡಿಸಿ ‘ಪಾವತಿ’ ಅಂತ ತಿಳಿದು, ಆಮೇಲೆ ಮೂರು ಊರುಗಳಲ್ಲಿ ಒಂದನ್ನು ಆರಿಸುತ್ತದೆ. ನಾಳೆ ‘ಪಾವತಿ’ ಹೆಸರು ಬದಲಾದರೆ ಅಲಿಯಾಸಿನ ಒಂದು ಸಾಲು ತಿದ್ದಿದರೆ ಆಯಿತು.

ಎರಡನೇದು, ತಲುಪುವ ಕಡೆ. ಶಿರಸಿ, ಯಲ್ಲಾಪುರ, ಕುಮಟಾ ಮೂರರಲ್ಲೂ ‘ರೈತರ ಹಣ’ ಅಲಿಯಾಸ್ ಮಾಡಿ, ಕ್ಲಸ್ಟರ್ ಹೆಸರನ್ನೂ ಅದರಲ್ಲಿ ಬರೆಯುತ್ತೀರಿ. ಆಗ ಕ್ಲಸ್ಟರ್ ಪೂರ್ತಿ ಆ ಹೆಸರು ಡಂಗುರ ಸಾರಿದ ಹಾಗೆ. ಕಾರವಾರದಲ್ಲಿ ಏನೂ ಮಾಡಬೇಕಿಲ್ಲ. ಮೆಸೇಜ್ ‘ರೈತರ ಹಣ’ ಅನ್ನುವ ಹೆಸರಿನಲ್ಲೇ ಘಟ್ಟ ಹತ್ತಿ ಶಿರಸಿಗೆ ಹೋಗುತ್ತದೆ. ಅಲ್ಲಿ ಹೋದ ಮೇಲೆ ಶಿರಸಿಯ ಮ್ಯಾನೇಜರ್ ಅದನ್ನು ಬಿಡಿಸುತ್ತದೆ. ಶಿರಸಿಯಲ್ಲಿ ಹಿಂದಿನ ಕ್ಯೂ ಹೆಸರು ಒಂದು, ಕುಮಟಾದಲ್ಲಿ ಇನ್ನೊಂದು ಇದ್ದರೂ ನಡೆಯುತ್ತದೆ. ಎರಡು ಬೇರೆ ತಂಡಗಳು ತಮ್ಮ ತಮ್ಮ ಹೆಸರಿಡುವ ರೂಢಿ ಬಿಡದೆ ಒಂದೇ ಕೆಲಸ ಹಂಚಿಕೊಳ್ಳಬೇಕಾದಾಗ ನನಗೆ ಇದು ತುಂಬಾ ಇಷ್ಟ.

ತೊಂದರೆ ಬಂದಾಗ ಎರಡರ ವ್ಯತ್ಯಾಸ ಕಾಣುತ್ತದೆ. ಕಳಿಸುವ ಕಡೆಯ ಅಲಿಯಾಸ್ ಕೆಟ್ಟರೆ ಆ್ಯಪ್‌ಗೆ ಕೂಡಲೇ 2082 ಬರುತ್ತದೆ, ಅವರು ಫೋನ್ ಮಾಡುತ್ತಾರೆ. ತಲುಪುವ ಕಡೆಯ ಅಲಿಯಾಸಿನ ಹಿಂದೆ ಕ್ಯೂ ಇಲ್ಲದಿದ್ದರೆ ಕಳಿಸುವವನಿಗೆ ಎಲ್ಲ ಸರಿ ಕಾಣುತ್ತದೆ. ಮೆಸೇಜ್ ಹೊರಟಿದೆ, ಎರರ್ ಇಲ್ಲ. ಆದರೆ ಶಿರಸಿಗೆ ಹೋಗಿ ಅದು ಡೆಡ್ ಲೆಟರ್ ಕ್ಯೂಗೆ ಬಿದ್ದಿರುತ್ತದೆ. ಅಂಚೆಯವರು ವಿಳಾಸ ಸಿಗದ ಪತ್ರ ಇಡುವ ಮೂಲೆ ಅದು. ಅಲ್ಲಿ ನೋಡುವವರು ಇಲ್ಲದಿದ್ದರೆ ಒಬ್ಬ ರೈತರ ಹಣ ಅಲ್ಲೇ ಕೂತಿರುತ್ತದೆ. ಅದಕ್ಕೇ ಕ್ಲಸ್ಟರ್‌ಗೆ ಅಲಿಯಾಸ್ ಸಾರುವ ಮೊದಲು ಹಿಂದಿನ ಕ್ಯೂ ಮಾಡಿರಿ. ಆ ಕ್ಯೂ ಅದೇ ಮ್ಯಾನೇಜರ್‌ನಲ್ಲಿ ಇರಲಿ ಅನ್ನುವುದೂ ನನ್ನ ಪಟ್ಟು. ಬೇರೆ ಕಡೆ ಇದ್ದರೆ ಮೆಸೇಜ್ ಶಿರಸಿಗೆ ಹೋಗಿ ಅಲ್ಲಿಂದ ಮತ್ತೆ ಘಟ್ಟ ಇಳಿಯಬೇಕಾಗುತ್ತದೆ. ದಾರಿ ಹುಡುಕುವಾಗ ತಲೆ ಕೆಡುತ್ತದೆ.

ಈಗ ನಾನೇ ಕಂಡ ಒಂದು ಘಟನೆ. ಬೆಂಗಳೂರಿನಲ್ಲಿ ನಾನು ಆಗ ಕೆಲಸ ಮಾಡುತ್ತಿದ್ದ ಒಂದು ಕಂಪನಿ. ನಮ್ಮ ಉದಾಹರಣೆಯ ಹಾಗೇ ಮೂರು ಮ್ಯಾನೇಜರ್, ಒಂದು ಕಳಿಸುವ ಕಡೆ. ಮೂರೂ ಕ್ಯೂಗಳಲ್ಲಿ ಡೆಫ್‌ಬೈಂಡ್ ಅನ್ನುವ ಗುಣವನ್ನು ‘ನಾಟ್‌ಫಿಕ್ಸ್‌ಡ್’ ಅಂತ ನಾನೇ ಇಟ್ಟಿದ್ದೆ. ಅಂದರೆ ಒಂದೊಂದು ಮೆಸೇಜಿಗೂ ಹೊಸದಾಗಿ ಊರು ಆರಿಸು ಅಂತ. ಇದು ‘ಓಪನ್’ ಅಂತ ಇದ್ದರೆ ಕ್ಯೂ ಓಪನ್ ಮಾಡಿದಾಗ ಆರಿಸಿದ ಊರಿಗೇ ಕೊನೇವರೆಗೂ ಹೋಗುತ್ತದೆ. ನೀವು ಬದಲಾಯಿಸದಿದ್ದರೆ ಇರುವುದು ‘ಓಪನ್’. ಎಲ್ಲ ಸರಿ ಇತ್ತು. ಆಮೇಲೆ ಆ್ಯಪ್‌ನವರಿಗೆ ಅನುಕೂಲ ಆಗಲಿ ಅಂತ ಕಳಿಸುವ ಕಡೆ ಒಂದು ಅಲಿಯಾಸ್ ಮಾಡಿದೆವು. ಬರೀ ಹೆಸರು ತಾನೇ ಅಂದುಕೊಂಡೆವು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಒಂದು ಮ್ಯಾನೇಜರ್‌ನ ಕ್ಯೂನಲ್ಲಿ 5000 ಮೆಸೇಜ್. ಉಳಿದ ಎರಡರಲ್ಲಿ ಸೊನ್ನೆ. 5000 ಅನ್ನುವುದು ಕ್ಯೂ ಮಾಡುವಾಗ ನೀವು ಬೇರೆ ಹೇಳದಿದ್ದರೆ ಸಿಗುವ ಮಿತಿ. ಅದು ತುಂಬಿತು. ಮುಂದಿನವು ಡೆಡ್ ಲೆಟರ್ ಕ್ಯೂಗೆ ಬೀಳತೊಡಗಿದವು. ಎರಡು ತಾಸು ನಾವು ಮೂರೂ ಕ್ಯೂಗಳನ್ನು ನೋಡಿದೆವು, ಮ್ಯಾನೇಜರ್‌ಗಳ ನಡುವಿನ ದಾರಿಗಳಾದ ಚಾನೆಲ್‌ಗಳನ್ನು ನೋಡಿದೆವು. ಎಲ್ಲೂ ತಪ್ಪಿಲ್ಲ. ಕೊನೆಗೆ ಒಬ್ಬ ಕಿರಿಯ ಹುಡುಗಿ ‘ಅಲಿಯಾಸ್‌ಗೂ ಡೆಫ್‌ಬೈಂಡ್ ಇದೆಯಲ್ಲ ಸರ್’ ಅಂದಳು. ತೆಗೆದು ನೋಡಿದರೆ ‘ಓಪನ್’ ಅಂತ ಇದೆ. ಆ್ಯಪ್ ಓಪನ್ ಮಾಡಿದ್ದು ಅಲಿಯಾಸನ್ನು. ಆದ್ದರಿಂದ ನಡೆದದ್ದು ಅಲಿಯಾಸಿನ ಮಾತು. ಆ್ಯಪ್ ಬೆಳಿಗ್ಗೆ ಒಂದು ಸಲ ಓಪನ್ ಮಾಡಿ ಸಂಜೆವರೆಗೆ ಮುಚ್ಚುವುದಿಲ್ಲ. ಬೆಳಿಗ್ಗೆ ಆರಿಸಿದ ಊರಿಗೇ ದಿನಪೂರ್ತಿ ಹೋಗಿದೆ.

ಅಲಿಯಾಸ್ ತಿದ್ದಿದೆವು. ಅಷ್ಟಕ್ಕೆ ಸರಿಯಾಗಲಿಲ್ಲ. ಊರು ಗಟ್ಟಿಯಾಗುವುದು ಓಪನ್ ಮಾಡುವಾಗ, ಆದ್ದರಿಂದ ಆ್ಯಪ್ ಮುಚ್ಚಿ ಮತ್ತೆ ತೆರೆಯಬೇಕಾಯಿತು. ಡೆಡ್ ಲೆಟರ್ ಕ್ಯೂನಲ್ಲಿ ಬಿದ್ದದ್ದನ್ನು ಎತ್ತಿ ಮತ್ತೆ ಹಾಕಲು ರಾತ್ರಿಯಾಯಿತು. ಆ ದಿನದಿಂದ ನಾನು ಅಲಿಯಾಸನ್ನು ‘ಬರೀ ಹೆಸರು’ ಅಂತ ಅರ್ಧವೇ ನಂಬುತ್ತೇನೆ. ಮೆಸೇಜ್ ಇಟ್ಟುಕೊಳ್ಳುವುದಿಲ್ಲ, ಅದು ನಿಜ. ಆದರೆ ಅದಕ್ಕೆ ತನ್ನದೇ ಗುಣಗಳಿವೆ. ಡೀಫಾಲ್ಟ್ ಪರ್ಸಿಸ್ಟೆನ್ಸ್ ಕೂಡ ಹಾಗೇ. ಸರ್ವರ್ ಮತ್ತೆ ಶುರುವಾದಾಗ ಮೆಸೇಜ್ ಉಳಿಯಬೇಕೋ ಬೇಡವೋ ಅಂತ ಆ್ಯಪ್ ಹೇಳದಿದ್ದರೆ, ಹೆಸರು ಬಿಡಿಸುವ ದಾರಿಯಲ್ಲಿ ಮೊದಲು ಸಿಕ್ಕ ವ್ಯಾಖ್ಯೆಯ ಮಾತು ನಡೆಯುತ್ತದೆ. ಮೊದಲು ಸಿಗುವುದು ಅಲಿಯಾಸ್. ಹಣದ ಮೆಸೇಜ್ ಆದರೆ ಇದನ್ನು ಕಣ್ಣಿಟ್ಟು ನೋಡಿ.

ಹಾಗಂತ ಎಲ್ಲ ಕಡೆ ‘ನಾಟ್‌ಫಿಕ್ಸ್‌ಡ್’ ಹಾಕಿ ಅನ್ನುತ್ತಿಲ್ಲ. ಒಬ್ಬರ ಖಾತೆಯ ಮೂರು ಮೆಸೇಜ್ ಒಂದರ ಹಿಂದೆ ಒಂದು ಅದೇ ಕ್ರಮದಲ್ಲಿ ಹೋಗಬೇಕು ಅಂದರೆ ಅವು ಮೂರು ಊರಿಗೆ ಚದುರಬಾರದು. ಅದಕ್ಕೆ ‘ಗ್ರೂಪ್’ ಅಂತ ಮೂರನೇ ಆಯ್ಕೆ ಇದೆ, ಒಂದು ಗುಂಪಿನ ಮೆಸೇಜ್‌ಗಳು ಒಟ್ಟಿಗೆ ಒಂದೇ ಕಡೆ ಹೋಗುತ್ತವೆ. ಇಲ್ಲಿ ಅಲಿಯಾಸಿನ ಗುಣವೇ ಅನುಕೂಲ. ಒಂದೇ ‘ಪಾವತಿ’ ಕ್ಯೂಗೆ ಎರಡು ಅಲಿಯಾಸ್ ಮಾಡಿ. ಕ್ರಮ ಬೇಕಾದ ಆ್ಯಪ್‌ಗೆ ಒಂದು, ಬೇಡದ್ದಕ್ಕೆ ಇನ್ನೊಂದು. ಆ್ಯಪ್‌ನ ಕೋಡ್ ಮುಟ್ಟಬೇಕಿಲ್ಲ.

ನಮ್ಮ ಜಿಲ್ಲೆಯ ಮಳೆಗಾಲಕ್ಕೆ ಬರೋಣ. ಜುಲೈನಲ್ಲಿ ಘಟ್ಟದ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಯಲ್ಲಾಪುರದ ಮ್ಯಾನೇಜರ್ ಸಿಗುತ್ತಿಲ್ಲ ಅಂತಿಟ್ಟುಕೊಳ್ಳಿ. ಅಲ್ಲಿಗೆ ಹೊರಟ ಮೆಸೇಜ್‌ಗಳು ಕಾರವಾರದ ಟ್ರಾನ್ಸ್‌ಮಿಷನ್ ಕ್ಯೂನಲ್ಲಿ, ಅಂದರೆ ಹೊರಗೆ ಹೋಗಬೇಕಾದವು ಕಾಯುವ ಡಬ್ಬಿಯಲ್ಲಿ, ನಿಂತಿವೆ. ‘ನಾಟ್‌ಫಿಕ್ಸ್‌ಡ್’ ಆಗಿ ಹೊರಟವಾದರೆ ಅವನ್ನು ಕ್ಲಸ್ಟರ್ ಶಿರಸಿಗೋ ಕುಮಟಾಕ್ಕೋ ತಿರುಗಿಸುತ್ತದೆ. ‘ಓಪನ್’ ಆಗಿ ಹೊರಟವಾದರೆ ಕರೆಂಟು ಬರುವವರೆಗೆ ಅಲ್ಲೇ ಕಾಯುತ್ತವೆ. ಮೊದಲೇ ಯಲ್ಲಾಪುರ ತಲುಪಿದ ಮೆಸೇಜ್‌ಗಳಿಗೆ ಮಾತ್ರ ಯಾವ ಅಲಿಯಾಸೂ ಏನೂ ಮಾಡಲಾರದು. ಅವು ಯಲ್ಲಾಪುರ ಎದ್ದ ಮೇಲೇ. ಕ್ಲಸ್ಟರ್ ಹೊಸ ಮೆಸೇಜಿಗೆ ದಾರಿ ಹುಡುಕುತ್ತದೆ, ತಲುಪಿದ್ದರ ನಕಲು ಇಡುವುದಿಲ್ಲ. ಅದಕ್ಕೆ ಬೇರೆ ಏರ್ಪಾಡು ಬೇಕು, ಇವತ್ತಿನ ವಿಷಯ ಅದಲ್ಲ.

ಯಲ್ಲಾಪುರವನ್ನು ಬರೀ ಆಪತ್ತಿಗೆ ಅಂತ ಇಟ್ಟುಕೊಳ್ಳಬೇಕಾದರೆ ತಲುಪುವ ಕಡೆಯ ಅಲಿಯಾಸಿನಲ್ಲಿ ಪ್ರಯಾರಿಟಿ ಕೊಡಬಹುದು, 0ಯಿಂದ 9ರ ತನಕ. ಶಿರಸಿಗೆ 9, ಯಲ್ಲಾಪುರಕ್ಕೆ 1 ಕೊಟ್ಟರೆ ಶಿರಸಿ ಸಿಗುವವರೆಗೆ ಎಲ್ಲ ಅಲ್ಲಿಗೇ. ಕಳಿಸುವ ಮ್ಯಾನೇಜರ್‌ನಲ್ಲೇ ಒಂದು ಕ್ಯೂ ಇದ್ದಾಗ ಹೊರಗಿನವಕ್ಕೂ ಹಂಚು ಅನ್ನುವ ಗುಣ ಮಾತ್ರ ಅಲಿಯಾಸಿನಲ್ಲಿ ಸಿಗುವುದಿಲ್ಲ. ಸಿಎಲ್‌ಡಬ್ಲ್ಯುಎಲ್‌ಯೂಸ್‌ಕ್ಯೂ ಅಂತ ಅದರ ಹೆಸರು. ಅದು ನಿಜವಾದ ಕ್ಯೂನಲ್ಲಿ ಅಥವಾ ಮ್ಯಾನೇಜರ್‌ನಲ್ಲಿ ಇರುತ್ತದೆ. ಸುಮ್ನೆ ಅಲಿಯಾಸಿನಲ್ಲಿ ಹುಡುಕಬೇಡಿ.

ಇನ್ನು ಅನುಮತಿಯ ವಿಷಯ. ಇದನ್ನು ಹೇಳಲೇಬೇಕು ಅಂತ ಬಂದಿದ್ದೇನೆ. ಕಾರವಾರದ ಆ್ಯಪ್‌ಗೆ ‘ಪಾವತಿ’ಗೆ ಹಾಕುವ ಅಧಿಕಾರ ಬೇಕು. ‘ಪಾವತಿ’ ಕಾರವಾರದಲ್ಲಿ ಇಲ್ಲ. ಅದಕ್ಕೆ ಎಷ್ಟೋ ಕಡೆ ಕ್ಲಸ್ಟರ್‌ನ ಟ್ರಾನ್ಸ್‌ಮಿಷನ್ ಕ್ಯೂಗೇ ಅಧಿಕಾರ ಕೊಟ್ಟುಬಿಡುತ್ತಾರೆ. ಹಾಗೆ ಕೊಟ್ಟರೆ ಆ ಆ್ಯಪ್ ಕ್ಲಸ್ಟರ್‌ನ ಯಾವ ಕ್ಯೂಗೆ ಬೇಕಾದರೂ ಮೆಸೇಜ್ ಹಾಕಬಹುದು. ಒಂದು ಕೋಣೆಯ ಕೀಲಿ ಕೇಳಿದವರಿಗೆ ಇಡೀ ಮನೆಯ ಕೀಲಿ ಗೊಂಚಲು ಕೊಟ್ಟ ಹಾಗಾಯಿತು. ಇದರ ಬದಲು ಕಾರವಾರದಲ್ಲೇ ಒಂದು ಅಲಿಯಾಸ್ ಮಾಡಿ, ಅದಕ್ಕೆ ಮಾತ್ರ ಅಧಿಕಾರ ಕೊಡಿ. ಅಲಿಯಾಸ್ ಮೂಲಕ ಬಂದವರ ಅಧಿಕಾರವನ್ನು ಮ್ಯಾನೇಜರ್ ಅಲಿಯಾಸಿನ ಹೆಸರಿನ ಮೇಲೇ ನೋಡುತ್ತದೆ, ಹಿಂದಿನ ಕ್ಯೂ ಮೇಲಲ್ಲ. ಒಂದು ಆ್ಯಪ್ ಹುಚ್ಚು ಹಿಡಿದ ಹಾಗೆ ಮೆಸೇಜ್ ಸುರಿಯುತ್ತಿದ್ದರೆ ಅದರ ಅಲಿಯಾಸಿನಲ್ಲಿ ಪುಟ್ ಡಿಸೇಬಲ್ ಮಾಡಿ, ಅಂದರೆ ಮೆಸೇಜ್ ಹಾಕದಂತೆ ತಡೆಯಿರಿ. ಅದಕ್ಕೆ 2051 ಬರುತ್ತದೆ. ಉಳಿದವರ ಕೆಲಸ ನಡೆದೇ ಇರುತ್ತದೆ. ಒಂದೊಂದು ಆ್ಯಪ್‌ಗೂ ಒಂದೊಂದು ಅಲಿಯಾಸ್ ಕೊಡಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ಕ್ಯೂ ಒಂದು ಮ್ಯಾನೇಜರ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗಲೂ ಇದೇ ಪುಟ್ ಡಿಸೇಬಲ್ ನೆರವಿಗೆ ಬರುತ್ತದೆ. ಕುಮಟಾದ ಹಳೇ ಯಂತ್ರ ತೆಗೆದು ಹೊಸದು ತರುತ್ತಿದ್ದೀರಿ. ಹೊಸದರಲ್ಲಿ ಮೊದಲು ಕ್ಯೂ, ಆಮೇಲೆ ಅದೇ ಹೆಸರಿನ ಅಲಿಯಾಸ್ ಮಾಡಿ ಕ್ಲಸ್ಟರ್‌ಗೆ ಸಾರಿ. ಹಳೇದರ ಅಲಿಯಾಸಿನಲ್ಲಿ ಪುಟ್ ಡಿಸೇಬಲ್ ಮಾಡಿ. ಈ ಸುದ್ದಿ ಕ್ಲಸ್ಟರ್‌ಗೆ ಹೋಗುತ್ತದೆ, ಹೊಸ ಮೆಸೇಜ್‌ಗಳು ಅದನ್ನು ಬಿಟ್ಟು ಬೇರೆ ಕಡೆ ಹೋಗುತ್ತವೆ. ಓದುವ ಆ್ಯಪ್ ಆ ಅಲಿಯಾಸಿನ ಹಿಂದೆ ಇರುವ ಕ್ಯೂನಿಂದ ಉಳಿದದ್ದನ್ನು ಓದಿ ಮುಗಿಸುತ್ತದೆ. ಖಾಲಿಯಾದ ಮೇಲೆ ಅಲಿಯಾಸಿನಲ್ಲಿ ಕ್ಲಸ್ಟರ್ ಹೆಸರು ಬರೆದ ಜಾಗ ಬರಿದು ಮಾಡಿ. ಸ್ವಲ್ಪ ಹೊತ್ತು ಬಿಟ್ಟು, ಡೆಡ್ ಲೆಟರ್ ಕ್ಯೂ ಒಮ್ಮೆ ನೋಡಿ, ಆಮೇಲೆ ಅಳಿಸಿ. ಇಲ್ಲಿ ಒಂದು ತಪ್ಪು ಆಗುತ್ತದೆ. ಅಲಿಯಾಸಿನ ಬದಲು ಅದರ ಹಿಂದೆ ಇರುವ ಕ್ಯೂನಲ್ಲಿ ಪುಟ್ ಡಿಸೇಬಲ್ ಮಾಡುತ್ತಾರೆ. ಕ್ಲಸ್ಟರ್‌ಗೆ ಗೊತ್ತಿರುವುದು ಅಲಿಯಾಸ್ ಮಾತ್ರ, ಅದು ತೆರೆದೇ ಇದೆ. ಮೆಸೇಜ್ ಬರುತ್ತಲೇ ಇರುತ್ತವೆ, ಬಂದವೆಲ್ಲ ಡೆಡ್ ಲೆಟರ್ ಕ್ಯೂಗೆ. ಬೋರ್ಡು ಮುಚ್ಚದೆ ಸೇತುವೆ ಮುಚ್ಚಿದ ಹಾಗೆ ಅದು.

ಕ್ಲಸ್ಟರ್ ಹೊರಗಿನ ಮ್ಯಾನೇಜರ್ ಮೆಸೇಜ್ ಕಳಿಸಬೇಕಾದರೆ ಸಾಮಾನ್ಯವಾಗಿ ಮ್ಯಾನೇಜರ್‌ಗೇ ಅಲಿಯಾಸ್ ಮಾಡುತ್ತಾರೆ. ಬೇರೆ ಮ್ಯಾನೇಜರ್‌ನ ಕ್ಯೂಗೆ ಇಲ್ಲಿ ಬರೆದಿಡುವ ವಿಳಾಸಕ್ಕೆ ರಿಮೋಟ್ ಕ್ಯೂ ವ್ಯಾಖ್ಯೆ ಅನ್ನುತ್ತೇವೆ, ಅದರಲ್ಲಿ ಕ್ಯೂನ ಹೆಸರು ಖಾಲಿ ಬಿಟ್ಟು ಈ ಅಲಿಯಾಸ್ ಮಾಡುತ್ತಾರೆ. ಬಾಗಿಲಲ್ಲಿ ನಿಂತ ಮ್ಯಾನೇಜರ್‌ನಲ್ಲಿ ರಿಮೋಟ್ ಮ್ಯಾನೇಜರ್ ಹೆಸರನ್ನೂ ಖಾಲಿ ಬಿಟ್ಟರೆ, ಹೊರಗಿನಿಂದ ಬಂದ ಮೆಸೇಜ್ ಅಲ್ಲಿಂದ ಮೂರೂ ಊರಿಗೆ ಹಂಚಿಹೋಗುತ್ತದೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಕೇಳಿದ: ಆ್ಯಪ್ ಓಡುತ್ತಿರುವಾಗಲೇ ಅಲಿಯಾಸಿನ ಟಾರ್ಗೆಟ್ ಬದಲಿಸಿದರೆ ಏನಾಗುತ್ತದೆ? ಒಳ್ಳೆಯ ಪ್ರಶ್ನೆ. ಆ್ಯಪ್ ಅದನ್ನು ತೆರೆದಿಟ್ಟುಕೊಂಡಿದ್ದರೆ ಕಮಾಂಡ್ ಸುಮ್ಮನೆ ಒಪ್ಪುವುದಿಲ್ಲ, ಫೋರ್ಸ್ ಅಂತ ಸೇರಿಸಬೇಕು. ಸೇರಿಸಿದರೆ ಆ್ಯಪ್‌ನ ಮುಂದಿನ ಕರೆಗೆ 2041 ಬರುತ್ತದೆ. ವ್ಯಾಖ್ಯೆ ಬದಲಾಗಿದೆ, ಮುಚ್ಚಿ ಮತ್ತೆ ತೆರೆ ಅಂತ ಅರ್ಥ. ಆ್ಯಪ್ ಬರೆಯುವವರು ನೀವಾದರೆ 2041 ಬಂದಾಗ ಮುಚ್ಚಿ ತೆರೆದು ಅದೇ ಮೆಸೇಜ್ ಮತ್ತೆ ಹಾಕುವ ನಾಲ್ಕು ಸಾಲು ಕೋಡ್ ಮೊದಲ ದಿನವೇ ಬರೆದಿಡಿ. ಕ್ಯೂ ನೋಡಿಕೊಳ್ಳುವವರು ನೀವಾದರೆ ಫೋರ್ಸ್ ಒತ್ತುವ ಮೊದಲು ಆ ಕೋಡ್ ಇದೆಯಾ ಅಂತ ಆ್ಯಪ್‌ನವರನ್ನು ಕೇಳಿ. ಅವರು ಯಾರು ಅಂತ ಗೊತ್ತಾಗಬೇಕಲ್ಲ? ಅಲಿಯಾಸಿನಲ್ಲಿ ವಿವರಣೆಗೆ ಅಂತ 64 ಅಕ್ಷರದ ಜಾಗ ಇದೆ. ಯಾವ ಆ್ಯಪ್, ಯಾವ ತಂಡ ಅಂತ ಅಲ್ಲಿ ಬರೆಯಿರಿ. ನಾನು ನೋಡಿದ ಅಲಿಯಾಸ್‌ಗಳಲ್ಲಿ ಆ ಜಾಗ ಜಾಸ್ತಿ ಖಾಲಿಯೇ ಇರುತ್ತದೆ.